ಸೈಕಲ್ ವೇಗದಲ್ಲಿ ಕನ್ನಡ

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ಹಮ್ರಿಯಾದ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಒಂದೇ ಮಾತು: ಈ ಸಲ ಎಲ್ಲಿಗೆ? ಈಚೆಗೆ ಹೆಚ್ಚು ಕೇಳಿಬರುವ ಉತ್ತರ ಥಾಯ್ಲೆಂಡ್. ಮಸ್ಕತ್ತಿನಿಂದ ನೇರ ವಿಮಾನ ಇದೆ, ಮಕ್ಕಳಿಗೆ ಸಮುದ್ರ ಇದೆ, ಜೊತೆಗೆ ಅಲ್ಲಿನ ಸೈಕಲ್ ಪ್ರವಾಸಗಳ ಹೆಸರೂ ಕೇಳಿರುತ್ತೀರಿ. ಸಮತಟ್ಟಾದ ಹಳ್ಳಿದಾರಿ, ಮುಂದೆ ಒಬ್ಬ ಗೈಡು, ಹಿಂದೆ ಸುಸ್ತಾದವರನ್ನು ಹತ್ತಿಸಿಕೊಳ್ಳಲು ಒಂದು ವ್ಯಾನು, ನಡುನಡುವೆ ದೇವಾಲಯ, ಸಂತೆ, ಭತ್ತದ ಗದ್ದೆ. 1991ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಸುಖೋಥಾಯ್ ಎಂಬ ಹಳೆಯ ರಾಜಧಾನಿಯನ್ನು ಬಹಳ ಜನ ಬಾಡಿಗೆ ಸೈಕಲ್ಲಿನಲ್ಲೇ ಸುತ್ತುತ್ತಾರೆ.

ಒಳ್ಳೆಯ ರಜೆಯೇ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಈ ಅಂಕಣ ಓದುವ ನಿಮಗೆ ಮಕ್ಕಳ ಕನ್ನಡದ ಚಿಂತೆ ಇದ್ದೇ ಇರುತ್ತದೆ. ಅದಕ್ಕಾಗಿ ಹೇಳುತ್ತೇನೆ, ಇಂಥದ್ದೇ ರಜೆಯನ್ನು ಒಮ್ಮೆ ಹಂಪಿ ಮತ್ತು ಆನೆಗೊಂದಿಯಲ್ಲಿ ಮಾಡಿ ನೋಡಿ. ಅಲ್ಲೂ ಹಳೆಯ ರಾಜಧಾನಿ, ಅಲ್ಲೂ ಗದ್ದೆ, ಹೊಳೆ, ಬಾಳೆತೋಟ, ಬಾಡಿಗೆ ಸೈಕಲ್, ಗೈಡು. ಒಂದೇ ವ್ಯತ್ಯಾಸ: ಅಲ್ಲಿಯ ಗೈಡು ನಿಮ್ಮ ಮಗುವಿನ ಜೊತೆ ಕನ್ನಡದಲ್ಲಿ ಮಾತಾಡಬಲ್ಲ.

ಈ ಒಂದು ವ್ಯತ್ಯಾಸಕ್ಕೆ ಯಾಕಿಷ್ಟು ಬೆಲೆ ಅನ್ನುತ್ತೀರಾ? ಒಂದು ದಿನ ಮನೆಯಲ್ಲಿ ನೀವು ಮಕ್ಕಳಿಗೆ ಆಡುವ ಕನ್ನಡವನ್ನು ಸುಮ್ಮನೆ ಬರೆದಿಟ್ಟುಕೊಳ್ಳಿ. ಸಂಶೋಧನೆಯಲ್ಲಿ ಇರುವವಳಾದ್ದರಿಂದ ನಾನು ಹಾಗೆ ಒಂದು ವಾರ ಬರೆದಿಟ್ಟೆ. ಏಳು. ಹಲ್ಲುಜ್ಜು. ಬೇಗ ತಿನ್ನು. ಬಸ್ ಬಂತು. ಹೋಂವರ್ಕ್ ಆಯ್ತಾ? ಟ್ಯಾಬ್ ಇಡು. ಮಲಕ್ಕೋ. ಎಲ್ಲ ಅಪ್ಪಣೆಗಳೇ. ಅದಕ್ಕೆ ಮಗು ಕೊಡಬೇಕಾದ ಉತ್ತರವೂ ‘ಹೂಂ’, ‘ಆಯ್ತು’, ‘ಬೇಡ’ ಇಷ್ಟೇ. ಶಾಲೆಯಲ್ಲಿ ಇಂಗ್ಲಿಷ್, ಮೆಟ್ಟಿಲ ಮೇಲೆ ಆಡುವಾಗ ಹಿಂದಿ, ಎದುರಿನ ಅಂಗಡಿಯಲ್ಲಿ ಮಲಯಾಳಂ ಬೆರೆತ ಹಿಂದಿ. ಹೀಗಾಗಿ ಕನ್ನಡ ಅಂದರೆ ಅಪ್ಪ ಅಮ್ಮ ಕೆಲಸ ಹೇಳುವ ಭಾಷೆ ಅಂತ ಮಗು ತಿಳಿದುಕೊಂಡರೆ ಆಶ್ಚರ್ಯವಿಲ್ಲ. ಪ್ರಶ್ನೆ ಕೇಳಲು, ಜಗಳಕ್ಕೆ, ಕಥೆ ಕಟ್ಟಲು ಬೇರೆ ಭಾಷೆ ಇದೆಯಲ್ಲ!

ನಮ್ಮನೆಯಲ್ಲಿ ಇದು ಕಣ್ಣಿಗೆ ಕಂಡದ್ದು ಸಾಗರದಲ್ಲಿರುವ ಅಜ್ಜಿಯ ಫೋನಿನಲ್ಲಿ. ಅಜ್ಜಿಗೆ ಇಂಗ್ಲಿಷ್ ಬಾರದು. ‘ಊಟ ಆಯ್ತಾ ಪುಟ್ಟಿ?’ ‘ಆಯ್ತು.’ ‘ಏನ್ ಊಟ?’ ‘ಅನ್ನ.’ ಅಲ್ಲಿಗೆ ಫೋನು ನನ್ನ ಕೈಗೆ. ಒಂಬತ್ತು ವರ್ಷದ ಮಗಳಿಗೆ ಅಜ್ಜಿಯ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಹೇಳಲು ಮಾತು ಇಲ್ಲ. ಅಜ್ಜಿಗೆ ಎಪ್ಪತ್ತೆಂಟು. ನಿಧಾನವಾಗಿ ಕಲಿತರಾಯಿತು ಅನ್ನಲು ನಮಗೆ ಅಷ್ಟೇನೂ ಸಮಯವಿಲ್ಲ.

ಕಾರಿನಲ್ಲಿ ಕೂತ ಮಗು ಕಿಟಕಿ ಏರಿಸಿ ಟ್ಯಾಬ್ ತೆರೆಯುತ್ತದೆ. ನಡೆಸಿದರೆ ಅರ್ಧ ಗಂಟೆಗೆ ಕಾಲು ನೋವು. ಸೈಕಲ್ಲಿನ ವೇಗ ಮಾತಿಗೆ ಹೇಳಿ ಮಾಡಿಸಿದ್ದು. ಎರಡೂ ಕೈ ಹ್ಯಾಂಡಲಿನ ಮೇಲೆ, ಆದ್ದರಿಂದ ಮೊಬೈಲು ಹಿಡಿಯುವಂತಿಲ್ಲ. ಮುಂದೆ ಹೋಗುವವನು ಕೂಗಿದ್ದು ತಕ್ಷಣ ಅರ್ಥವಾಗಬೇಕು, ಇಲ್ಲವಾದರೆ ಕೆಸರಿಗೆ ಬೀಳುವುದೇ. ಏರು, ಇಳಿಜಾರು, ತಿರುವು, ಗುಂಡಿ, ಬದಿಗೆ ಬಾ, ಎಮ್ಮೆ ಬಂತು: ಮಸ್ಕತ್ತಿನ ಫ್ಲಾಟಿನಲ್ಲಿ ಇಂಥ ಮಾತು ಬಾಯಿಗೆ ಬರುವ ಸಂದರ್ಭವೇ ಇಲ್ಲ. ಅಲ್ಲಿ ಮೊದಲ ಅರ್ಧ ಗಂಟೆಯಲ್ಲೇ ಬರುತ್ತವೆ.

ನಾವು ಹೋದದ್ದು ಮೂರು ದಿನಕ್ಕೆ. ಬೆಂಗಳೂರಿನಲ್ಲಿ ಇಳಿದು, ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಹೊಸಪೇಟೆ. ಚಿಕ್ಕವನಿಗೆ ಆರು ವರ್ಷ, ಹಾಗಾಗಿ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚು ಬೇಡ ಎಂದು ಮೊದಲೇ ಹೇಳಿದ್ದೆವು. ಬೆಳಗಿನ ಆರೂವರೆಗೆ ಹೊರಟರೆ ಹತ್ತೂವರೆಗೆ ಮುಗಿಸುವುದು. ಆಮೇಲೆ ಬಂಡೆಗಳು ಕಾಯುತ್ತವೆ, ಡಿಸೆಂಬರಿನಲ್ಲೂ.

ಮೊದಲ ದಿನ ಹಂಪಿಯ ಕಡೆ. ವಿರೂಪಾಕ್ಷ ಗುಡಿಯ ಬೀದಿಯಿಂದ ಸ್ವಲ್ಪ ಏರು, ಅಲ್ಲಿ ಸೈಕಲ್ ತಳ್ಳಿಕೊಂಡು ಹೋಗುವುದೇ ಸುಖ. ಮೇಲೆ ಕಡಲೆಕಾಳು ಗಣಪ, ಸಾಸಿವೆಕಾಳು ಗಣಪ. ಕಡಲೆಕಾಳು ಸುಮಾರು ನಾಲ್ಕೂವರೆ ಮೀಟರ್, ಸಾಸಿವೆಕಾಳು ಅದರ ಅರ್ಧದಷ್ಟು. ‘ಸಾಸಿವೆ ಸಣ್ಣದಲ್ಲವಾ, ಇಷ್ಟು ದೊಡ್ಡ ಗಣಪನಿಗೆ ಆ ಹೆಸರು ಯಾಕೆ?’ ಎಂದು ಮಗ ಕೇಳಿದ್ದು ಕನ್ನಡದಲ್ಲೇ, ಯಾಕೆಂದರೆ ಸಾಸಿವೆ ಅನ್ನುವುದಕ್ಕೆ ಅವನಿಗೆ ಗೊತ್ತಿರುವ ಒಂದೇ ಹೆಸರು ಅದು. ಅಡುಗೆಮನೆಯ ಕನ್ನಡ ಹೀಗೆ ಉಪಯೋಗಕ್ಕೆ ಬರುತ್ತದೆ. ಮುಂದೆ 1528ರ ಉಗ್ರನರಸಿಂಹ, ಆರೂಮುಕ್ಕಾಲು ಮೀಟರಿಗೆ ಹತ್ತಿರ. ಅದರ ಪಕ್ಕದಲ್ಲೇ ನೀರಿನಲ್ಲಿ ನಿಂತ ಬಡವಿಲಿಂಗ.

ಆ ನೀರು ಬರುವುದು ಕಾಲುವೆಯಿಂದ. ವಿಜಯನಗರದ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ತುರ್ತು ಕಾಲುವೆ ಇವತ್ತಿಗೂ ಹರಿಯುತ್ತಿದೆ, ಗುಡಿಗಳ ನಡುವಿನ ಬಾಳೆ, ಕಬ್ಬಿಗೆ ಅದರದೇ ನೀರು. ನನ್ನ ಕೆಲಸ ಅಂತರ್ಜಲದ ಮೇಲೆ, ಆದ್ದರಿಂದ ಇಲ್ಲಿ ನಾನು ಹೆಚ್ಚು ಹೊತ್ತು ನಿಂತೆ, ಕ್ಷಮೆ ಇರಲಿ. ಆದರೆ ಒಮಾನಿನ ಮಕ್ಕಳಿಗೆ ಇದನ್ನು ತೋರಿಸದೆ ಮುಂದೆ ಹೋಗಬೇಡಿ. ನಿಜ್ವಾದ ಫಲಜ್ ದಾರಿಸ್ ನೋಡಿರುತ್ತಾರೆ; 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಐದು ಫಲಜ್‌ಗಳಲ್ಲಿ ಅದೂ ಒಂದು. ಅಲ್ಲಿ ಬೆಟ್ಟದ ಬುಡದ ನೀರು ಇಳಿಜಾರಿನಲ್ಲಿ ತಾನಾಗಿ ಖರ್ಜೂರದ ತೋಟಕ್ಕೆ ಹರಿಯುತ್ತದೆ, ಇಲ್ಲಿ ಹೊಳೆಯ ನೀರು ಒಡ್ಡಿನಿಂದ ಬಾಳೆತೋಟಕ್ಕೆ. ‘ಇದು ಇಲ್ಲಿಯ ಫಲಜ್’ ಅಂದಳು ಮಗಳು. ಗೈಡಿಗೆ ಫಲಜ್ ಅಂದರೇನು ಗೊತ್ತಿರಲಿಲ್ಲ. ಅವಳೇ ವಿವರಿಸಬೇಕಾಯಿತು. ಪಂಪು ಇಲ್ಲ, ನೀರು ತಾನೇ ಬರತ್ತೆ, ಸರದಿ ಪ್ರಕಾರ ಒಬ್ಬೊಬ್ಬರ ತೋಟಕ್ಕೆ ಬಿಡ್ತಾರೆ. ‘ಸರದಿ’ ಎಂಬ ಪದ ಅವಳಿಗೆ ಸಿಗಲಿಲ್ಲ, ‘ಟರ್ನ್ ಟರ್ನ್ ಆಗಿ’ ಅಂದಳು. ಆ ಹುಡುಗ ‘ಪಾಳಿ ಹಚ್ಚಿ’ ಅಂತ ಹೇಳಿಕೊಟ್ಟ. ನಾನು ಬಾಯಿ ಹಾಕಲಿಲ್ಲ. ನೀವೂ ಹಾಕಬೇಡಿ, ಮಗುವಿಗೆ ತಾನು ಬಲ್ಲದ್ದನ್ನು ಬಲ್ಲದವರಿಗೆ ಹೇಳುವ ಅವಕಾಶ ಕನ್ನಡದಲ್ಲಿ ಸಿಗುವುದು ತೀರಾ ಕಡಿಮೆ. ನಮ್ಮ ಹತ್ತಿರ ಹೇಳಬೇಕಾಗಿಲ್ಲ, ನಮಗೆ ಎಲ್ಲ ಗೊತ್ತು ಅಂತ ಅವರ ಲೆಕ್ಕ.

ಇನ್ನೊಂದು ಕಥೆಯನ್ನೂ ಒಮಾನಿನಿಂದಲೇ ಒಯ್ಯಿರಿ. ಅಬ್ದುರ್ ರಜಾಕ್ ಎಂಬ ಪರ್ಷಿಯಾದ ರಾಯಭಾರಿ 1442ರಲ್ಲಿ ಹೋರ್ಮುಜ್‌ನಿಂದ ಹೊರಟು, ಗಾಳಿಯ ಋತು ತಪ್ಪಿದ್ದರಿಂದ ಮಸ್ಕತ್ತಿನಲ್ಲಿ ಸಿಕ್ಕಿಬಿದ್ದ. ಇಲ್ಲಿಯ ಸೆಕೆಯ ಬಗ್ಗೆ ಅವನು ಬರೆದಿಟ್ಟದ್ದನ್ನು ಓದಿದರೆ ಜೂನ್ ತಿಂಗಳ ರೂವಿ ನೆನಪಾಗುತ್ತದೆ. ಆಮೇಲೆ ಕಲ್ಹಾತ್‌ನಿಂದ ಕಡಲು ದಾಟಿ, ಕಲ್ಲಿಕೋಟೆ, ಮಂಗಳೂರು ಹಾದು 1443ರಲ್ಲಿ ಇಮ್ಮಡಿ ದೇವರಾಯನ ವಿಜಯನಗರಕ್ಕೆ ಬಂದ. ಅರಬ್ ಕುದುರೆಗಳೂ ಕಡಲ ಮೇಲೆಯೇ ಬರುತ್ತಿದ್ದವು. ಹಜಾರರಾಮ ಗುಡಿಯ ಹೊರಗೋಡೆಯ ಮೇಲೆ ಸಾಲುಸಾಲು ಕುದುರೆ ಕೆತ್ತಿದ್ದಾರೆ. ನಮ್ಮ ಮಕ್ಕಳಿಗೆ ಮಸ್ಕತ್ ಒಂದು ಊರು, ಕರ್ನಾಟಕ ಇನ್ನೊಂದು, ಎರಡಕ್ಕೂ ನಡುವೆ ವಿಮಾನದ ಟಿಕೆಟ್ಟು ಅಷ್ಟೇ. ಆರು ನೂರು ವರ್ಷದ ಹಿಂದೆಯೇ ಅಲ್ಲಿಂದ ಇಲ್ಲಿಗೆ ದಾರಿ ಇತ್ತು ಅಂತ ಗೊತ್ತಾದಾಗ ಮಗಳು ಕುದುರೆ ಎಣಿಸಲು ಶುರುಮಾಡಿದಳು. ಕನ್ನಡದಲ್ಲಿ ಎಣಿಸಿದ್ದು ಇಪ್ಪತ್ತೊಂಬತ್ತರವರೆಗೆ, ಮುಂದಿನದು ಇಂಗ್ಲಿಷ್.

ಎರಡನೆಯ ದಿನ ಹೊಳೆಯಾಚೆ, ಆನೆಗೊಂದಿ. ನನಗೆ ಕೇಳಿದರೆ ಮಕ್ಕಳಿಗೆ ಇದೇ ಹೆಚ್ಚು ಒಪ್ಪುವ ದಾರಿ. ಹಂಪಿ ವಿಜಯನಗರ ಜಿಲ್ಲೆ, ಇದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು, ಭತ್ತದ ನಾಡು. ದಾರಿ ಬಹುಪಾಲು ಸಮತಟ್ಟು. ನಾವು ಹೋದಾಗ ಒಂದು ಕಡೆ ಕೊಯ್ಲಾದ ಗದ್ದೆ, ಪಕ್ಕದಲ್ಲೇ ಮುಂದಿನ ಬೆಳೆಗೆ ಸಸಿಮಡಿ. ಪಂಪಾಸರೋವರದ ತನಕ ಹೋಗಿ ಬಂದೆವು. ಅಂಜನಾದ್ರಿಯ 575 ಮೆಟ್ಟಿಲು ಸೈಕಲ್ ತುಳಿದ ಕಾಲಿಗೆ ಬೇಡ, ಬೇರೆ ದಿನ ಇಟ್ಟುಕೊಳ್ಳಿ. ಊರೊಳಗೆ ಹೆಂಗಸರು ಬಾಳೆನಾರಿನಿಂದ ಬುಟ್ಟಿ, ಚೀಲ ಹೆಣೆಯುವುದನ್ನು ನೋಡಬಹುದು. ಮಗ ಅಲ್ಲೇ ನೆಲದ ಮೇಲೆ ಕೂತು ಹುರಿ ಹೊಸೆಯಲು ಹೋಗಿ ಎಲ್ಲರನ್ನೂ ನಗಿಸಿದ.

ತಿಂಡಿಗೆ ‘ಒಗ್ಗರಣಿ ಮಿರ್ಚಿ ತಿಂತೀರೇನು?’ ಅಂದ ಗೈಡು. ನಮ್ಮ ಮಕ್ಕಳಿಗೆ ಒಗ್ಗರಣೆ ಅಂದರೆ ಸಾರಿಗೆ ಹಾಕುವ ಸಾಸಿವೆ, ಕರಿಬೇವು. ಅದನ್ನು ತಟ್ಟೆ ತುಂಬ ತಿನ್ನುವುದು ಹೇಗೆ! ಬಂದದ್ದು ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ. ‘ಕುಂದರ್ರಿ’, ‘ಎಲ್ಲಿಂದ ಬಂದೀರಿ?’, ‘ಸಾಕಾತೇನು ತಮ್ಮಾ?’ ಈ ಕನ್ನಡ ನಮ್ಮ ಸಾಗರದ ಕನ್ನಡವಲ್ಲ. ಮಕ್ಕಳು ಗಲಿಬಿಲಿಯಾಗುತ್ತಾರೆ ಎಂದು ಕೆಲವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಇಂಗ್ಲಿಷ್ ಟೀಚರಿನ ಉಚ್ಚಾರ ಬೇರೆ, ಕಾರ್ಟೂನಿನದು ಬೇರೆ, ಅದನ್ನು ಮಕ್ಕಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕನ್ನಡ ಅಮ್ಮನ ಬಾಯಿಯ ಹೊರಗೂ ಇದೆ, ಅಲ್ಲಿ ಅದರ ಚಂದ ಬೇರೆ ಎಂದು ಗೊತ್ತಾಗುವುದು ಒಳ್ಳೆಯದೇ.

ಆ ಸಂಜೆ ಅಜ್ಜಿಗೆ ಫೋನು ಮಾಡಿದಾಗ ಮಗಳು ಹೇಳಿದ್ದು ಎಮ್ಮೆಗೆ ದಾರಿ ಬಿಡಲು ಹೋಗಿ ಅಪ್ಪ ಕಾಲುವೆ ಬದಿಯ ಕೆಸರಿಗೆ ಇಳಿದ ಕಥೆ. ಹದಿನಾಲ್ಕು ನಿಮಿಷ. ಅರ್ಧ ಕನ್ನಡ, ಅರ್ಧ ಕೈಸನ್ನೆ, ನಡುನಡುವೆ ಇಂಗ್ಲಿಷ್. ಅಜ್ಜಿ ಎಮ್ಮೆಯ ಬಣ್ಣ ಕೇಳಿದರು, ಕೊಂಬು ಕೇಳಿದರು, ತಮ್ಮ ಮನೆಯ ಎಮ್ಮೆಯ ಕಥೆ ಹೇಳಿದರು. ಮಸ್ಕತ್ತಿಗೆ ವಾಪಸಾದ ಮೇಲೆ ಪ್ರತಿ ಕರೆಯೂ ಹೀಗೇ ಇದೆ ಅಂತಲ್ಲ. ‘ಆಯ್ತು’, ‘ಅನ್ನ’ ಈಗಲೂ ಉಂಟು. ಆದರೆ ಕೆಲವು ದಿನ ‘ಎಮ್ಮೆ ಹೇಗಿದೆ ಅಜ್ಜಿ’ ಅಂತ ಶುರುಮಾಡುತ್ತಾಳೆ.

ನೀವು ಹೊರಡುವುದಾದರೆ ಕೆಲವು ಮಾತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಡಿಸೆಂಬರಿನಲ್ಲಿ ಹನುಮ ಜಯಂತಿಯ ಹೊತ್ತಿಗೆ ಅಂಜನಾದ್ರಿಗೆ ಮಾಲಾಧಾರಿಗಳು ಸಾವಿರಾರು ಜನ ಬರುತ್ತಾರೆ, ಆ ದಿನಗಳಲ್ಲಿ ಮಕ್ಕಳ ಸೈಕಲ್ ಆ ರಸ್ತೆಗೆ ಬೇಡ. ಬಾಡಿಗೆ ಸೈಕಲ್ಲುಗಳು ಹೆಚ್ಚಾಗಿ ದೊಡ್ಡವರ ಅಳತೆಯವು; ಮಗುವಿನ ಎತ್ತರ ಹೇಳಿ, ಸಣ್ಣ ಸೈಕಲ್ ಇದೆಯೇ ಎಂದು ಫೋಟೋ ಸಮೇತ ಕೇಳಿ. ಹೆಲ್ಮೆಟ್ ಇಲ್ಲಿಂದಲೇ ಒಯ್ಯಿರಿ. ಹಿಂದೆ ಬರಲು ಒಂದು ಆಟೊ ಗೊತ್ತುಮಾಡಿಕೊಂಡರೆ ಅದರಲ್ಲಿ ಅಜ್ಜ ಅಜ್ಜಿಯೂ ಬರಬಹುದು, ದಣಿದ ಮಗುವೂ ಕೂರಬಹುದು. ಟ್ರ್ಯಾಕ್ಟರುಗಳಿಗೆ ಹಾದಿ ಬಿಟ್ಟು ನಿಲ್ಲುವುದನ್ನು ಮೊದಲ ದಿನವೇ ಅಭ್ಯಾಸ ಮಾಡಿಸಿ. ಹೊರಡುವ ಮುಂಚೆ ಕುರುಮ್ ಪಾರ್ಕಿನ ಆಸುಪಾಸಿನಲ್ಲಿ ನಾಲ್ಕು ಶುಕ್ರವಾರ ತುಳಿಸಿದರೆ ಕಾಲಿಗೆ ರೂಢಿಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗೈಡಿನ ವಿಷಯ. ಅಲ್ಲಿಯ ಹುಡುಗರು ಹೊರದೇಶದವರ ಜೊತೆ ಪಳಗಿದವರು, ಚೆನ್ನಾಗಿ ಇಂಗ್ಲಿಷ್ ಆಡುತ್ತಾರೆ. ನಿಮ್ಮ ಮಗು ಒಂದು ವಾಕ್ಯ ಇಂಗ್ಲಿಷಿನಲ್ಲಿ ಆಡಿತೋ, ಸೌಜನ್ಯಕ್ಕೆ ಅವರೂ ಅದಕ್ಕೇ ಹೊರಳುತ್ತಾರೆ, ಆಮೇಲೆ ಮೂರು ದಿನ ಅದೇ. ಆದ್ದರಿಂದ ಬುಕ್ ಮಾಡುವಾಗಲೇ ಹೇಳಿ: ಮಕ್ಕಳಿಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ನಿಧಾನವಾಗಿ, ನಿಮ್ಮೂರಿನ ಕನ್ನಡದಲ್ಲೇ ಹೇಳಿ. ನಾವು ಹಾಗೆ ಕೇಳಿದಾಗ ಆ ಹುಡುಗ ಒಂದು ಕ್ಷಣ ಸುಮ್ಮನಾಗಿ, ‘ಹಂಗಂದ್ರ ನನಗೂ ಆರಾಮ ಆತು ಬಿಡ್ರಿ ಅಕ್ಕಾರ’ ಅಂದಿದ್ದ. ಅವನಿಗೆ ನೀವು ಕಳಿಸುವ ಮೊದಲ ಮೆಸೇಜೂ ಕನ್ನಡದಲ್ಲೇ ಇರಲಿ.