ಸಿಂಪಿಯ ಸಾವು ಯಾರ ಲೆಕ್ಕಕ್ಕೆ?

ಕೆರೆಯ ನೀರು ಹಸಿರು ಕೆನೆಗಟ್ಟಿದರೆ ಅದನ್ನು ಬೇಸಿಗೆಯ ಲಕ್ಷಣವೆಂದು ತಳ್ಳಿಹಾಕುವುದು ಸುಲಭ. ಪಾಚಿ ತಾನೇ, ಅದರಿಂದ ಕೇಡೇನು ಎಂಬುದು ಒಂದು ಸಮಾಧಾನ. ಮಳೆ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಇನ್ನೊಂದು. ಈ ಸಮಾಧಾನಗಳ ಬೆಲೆಯನ್ನು ಮೊದಲು ತೆರುವುದು ಕೆರೆಯ ಕೆಸರಿನಲ್ಲಿ ಕುಳಿತ ಸಿಂಪಿ, ಅಂದರೆ ಮಕ್ಕಳು ಆಯ್ದು ಆಡುವ ಕಪ್ಪೆಚಿಪ್ಪಿನೊಳಗಿನ ಜೀವಿ. ಅದರ ಬೆಲೆಯೇನೆಂದು ಯಾದಗಿರಿ, ಶಹಾಪುರ, ಸುರಪುರಗಳ ಆಡಳಿತವಾಗಲಿ ಜನರಾಗಲಿ ಯೋಚಿಸಿದ್ದು ಕಡಿಮೆ.

ಸಿಂಪಿಯು ಕೆರೆಯ ಜರಡಿ. ದಿನವೊಂದಕ್ಕೆ ಹಲವು ಲೀಟರ್ ನೀರನ್ನು ಒಳಗೆಳೆದು, ಕಿವಿರುಗಳಲ್ಲಿ ಸೋಸಿ, ತಿಳಿಯಾಗಿಸಿ ಹೊರಬಿಡುತ್ತದೆ. ವಿಷದ ಪಾಚಿ ಬಂದಾಗ ಅದು ಓಡಿಹೋಗಲಾರದು. ಚಿಪ್ಪು ಮುಚ್ಚಿಕೊಳ್ಳುವುದೊಂದೇ ಅದಕ್ಕಿರುವ ದಾರಿ. ಮುಚ್ಚಿದರೆ ಆಹಾರವಿಲ್ಲ, ಉಸಿರಿಲ್ಲ. ತೆರೆದರೆ ವಿಷ ಒಳಗೆ. ಮನುಷ್ಯರಲ್ಲಿರುವಂತಹ ಪ್ರತಿಕಾಯಗಳು ಸಿಂಪಿಗಿಲ್ಲ. ರೋಗಾಣುಗಳನ್ನು ನುಂಗಿ ಜೀರ್ಣಿಸುವ ರಕ್ತಕಣಗಳೇ ಅದರ ಮುಖ್ಯ ಕಾವಲು ಪಡೆ. ಕಡಲಿನ ಅಲೆಕ್ಸಾಂಡ್ರಿಯಂ ಎಂಬ ವಿಷಪಾಚಿಯನ್ನು ತಿಂದ ಸಿಂಪಿಗಳಲ್ಲಿ ಜೀರ್ಣಾಂಗ ಉರಿಯೂತಗೊಳ್ಳುವುದನ್ನೂ ರಕ್ತಕಣಗಳ ನುಂಗುವ ಶಕ್ತಿ ಕುಂದುವುದನ್ನೂ ವಿಜ್ಞಾನಿಗಳು ಕಂಡಿದ್ದಾರೆ. ಸಿಹಿನೀರಿನಲ್ಲಿ ಆ ಪಾತ್ರ ಮೈಕ್ರೋಸಿಸ್ಟಿಸ್ ಎಂಬ ನೀಲಿಹಸಿರು ಪಾಚಿಯದು. ಹೆಸರಿಗೆ ಪಾಚಿಯಾದರೂ ಅದು ಬ್ಯಾಕ್ಟೀರಿಯಾ. ಅದರ ಮೈಕ್ರೋಸಿಸ್ಟಿನ್ ವಿಷವು ಸಿಂಪಿಯ ದೇಹದಲ್ಲಿ ಸಂಗ್ರಹವಾಗಿ ಜೀವಕೋಶಗಳನ್ನು ಕೆಡಿಸುತ್ತದೆ. ಕಾವಲು ಕುಸಿದ ದೇಹವನ್ನು ಸಾಮಾನ್ಯ ರೋಗಾಣುವೂ ಕೊಲ್ಲಬಲ್ಲದು. ಆಗ ಬಿಸಿಲಿಗೆ ಸತ್ತಿತೆಂದು ಜನ ಸುಮ್ಮನಾಗುತ್ತಾರೆ.

ಎಲ್ಲ ಸಿಂಪಿಗಳೂ ಕೂಡಲೇ ಸಾಯುವುದಿಲ್ಲ ಎಂಬುದು ಇನ್ನೂ ದೊಡ್ಡ ಅಪಾಯ. ವಿಷವನ್ನು ಒಡಲಲ್ಲಿಟ್ಟುಕೊಂಡೇ ಅವು ಬದುಕಿರಬಲ್ಲವು. 1983ರಲ್ಲಿ ಕಾಸರಗೋಡಿನ ಕುಂಬಳೆಯಲ್ಲಿ ಅಳಿವೆಯ ಚಿಪ್ಪುಜೀವಿಗಳನ್ನು ತಿಂದ ಹಲವರು ಆಸ್ಪತ್ರೆ ಸೇರಿದರು, ಒಬ್ಬ ಬಾಲಕ ಸತ್ತ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಏಳು ಮಂದಿ ಸತ್ತರು. ಇವು ಕಡಲಿನ ಕಥೆಗಳು, ಬಯಲುಸೀಮೆಗೇಕೆ ಎನ್ನುವವರು ಬ್ರೆಜಿಲ್ಲಿನ ಕರುವಾರು ಪಟ್ಟಣವನ್ನು ನೆನೆಯಬೇಕು. 1996ರಲ್ಲಿ ಅಲ್ಲಿ ಡಯಾಲಿಸಿಸ್‌ಗೆ ಬಳಸಿದ ಜಲಾಶಯದ ನೀರಿನಲ್ಲಿದ್ದ ಮೈಕ್ರೋಸಿಸ್ಟಿನ್‌ನಿಂದ ಐವತ್ತಕ್ಕೂ ಹೆಚ್ಚು ರೋಗಿಗಳು ಪ್ರಾಣಬಿಟ್ಟರು.

ಪಾಚಿ ತಾನಾಗಿ ಕೊಬ್ಬುವುದಿಲ್ಲ. ಅದಕ್ಕೆ ಸಾರಜನಕ, ರಂಜಕಗಳ ಮೇವು ಬೇಕು. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯು ಸುರಪುರ, ಶಹಾಪುರಗಳ ಹೊಲಗಳಿಗೆ ನೀರು ತಂದಿತು. ಕೃಷ್ಣಾ ಮೇಲ್ದಂಡೆ ಯೋಜನೆ ಮುಖ್ಯವಾಗಿ ಕಡಿಮೆ ನೀರಿನ ಬೆಳೆಗಳಿಗೆಂದು ರೂಪುಗೊಂಡದ್ದು. ಆದರೆ ಕಾಲುವೆಯ ಆಸುಪಾಸಿನಲ್ಲಿ ಭತ್ತ ಹಬ್ಬಿತು. ಭತ್ತದೊಡನೆ ಯೂರಿಯಾ, ಡಿಎಪಿ ಚೀಲಗಳು ಬಂದವು. ಬೆಳೆ ಉಣ್ಣದ ಗೊಬ್ಬರ ಬಸಿನೀರಿನೊಡನೆ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಇಳಿಯುತ್ತದೆ. ಊರ ಚರಂಡಿಯೂ ಅದೇ ದಾರಿ ಹಿಡಿಯುತ್ತದೆ. ಗಿಡಗಂಟಿ ಕಳೆದುಕೊಂಡ ಗುಡ್ಡದಿಂದ ಕೊಚ್ಚಿಬರುವ ಮಣ್ಣೂ ರಂಜಕವನ್ನು ಹೊತ್ತು ತರುತ್ತದೆ. ಹಾಗಿರುವಾಗ ದೋಷವೆಲ್ಲ ಬಿಸಿಲಿನದೆಂದರೆ ಒಪ್ಪುವುದು ಹೇಗೆ?

ಮಳೆ ಬಂದರೆ ಸರಿಹೋಗುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ. ಸಿಹಿನೀರಿನ ಸಿಂಪಿಯ ಮರಿಗಳು ಮೀನಿನ ಕಿವಿರು, ರೆಕ್ಕೆಗಳಿಗೆ ಅಂಟಿಕೊಂಡು ಕೆಲಕಾಲ ಕಳೆದ ಮೇಲೆಯೇ ತಳಕ್ಕಿಳಿಯುತ್ತವೆ. ಸಿಂಪಿ ನಶಿಸಿದ ಕೆರೆಗೆ ಅದು ಮರಳಬೇಕಾದರೆ ತಕ್ಕ ಮೀನೂ ಬೇಕು, ವರ್ಷಗಳೂ ಬೇಕು. ಅಲ್ಲಿಯತನಕ ಸೋಸುವವರಿಲ್ಲದ ನೀರಿನಲ್ಲಿ ಪಾಚಿ ಮತ್ತಷ್ಟು ಹೆಚ್ಚಬಹುದು.

ಅವಸರದ ಮದ್ದುಗಳು ರೋಗಕ್ಕಿಂತ ಕೆಟ್ಟವು. ಮೈಲುತುತ್ತ ಸುರಿದರೆ ಪಾಚಿಯ ಕೋಶಗಳೊಡೆದು ಒಳಗಿನ ವಿಷವೆಲ್ಲ ಒಮ್ಮೆಗೇ ನೀರಿಗೆ ಸೇರುತ್ತದೆ; ತಾಮ್ರ ಸಿಂಪಿಯನ್ನೂ ಕೊಲ್ಲುತ್ತದೆ. ಕುದಿಸಿದರೂ ಮೈಕ್ರೋಸಿಸ್ಟಿನ್ ನಾಶವಾಗದು. ಊರಿಗೊಂದು ಶುದ್ಧ ನೀರಿನ ಘಟಕವಿದೆಯೆಂದು ನಿಶ್ಚಿಂತರಾದವರು ದನಕರು, ಕುರಿಗಳು ಎಲ್ಲಿ ನೀರು ಕುಡಿಯುತ್ತವೆಂದು ಹೇಳಬೇಕು. ಇಂತಹ ಪಾಚಿಯ ನೀರು ಕುಡಿದು ಜಾನುವಾರು ಸತ್ತ ಸಂಗತಿ ಆಸ್ಟ್ರೇಲಿಯಾದಲ್ಲಿ 1878ರಷ್ಟು ಹಿಂದೆಯೇ ವರದಿಯಾಗಿತ್ತು. ಬೋನಾಳ ಕೆರೆಗೆ ಬರುವ ಹಕ್ಕಿಗಳಿಗಂತೂ ಯಾವ ಘಟಕವೂ ಇಲ್ಲ.

ಪಾಚಿಯೆಲ್ಲವೂ ವಿಷವಲ್ಲ, ನಿಜ. ಆದರೆ ಯಾವುದು ವಿಷವೆಂದು ಬರಿಗಣ್ಣು ಹೇಳಲಾರದು. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಇದೆಯೆಂದು ಗೊತ್ತಾದದ್ದು ಕಣ್ಣಿನಿಂದಲ್ಲ, ಪರೀಕ್ಷೆಯಿಂದ. ಕುಡಿಯುವ ನೀರಿನ ಲೀಟರಿಗೆ ಒಂದು ಮೈಕ್ರೋಗ್ರಾಂ ಮೈಕ್ರೋಸಿಸ್ಟಿನ್ ಎಂಬ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲೇ ಸೂಚಿಸಿದೆ. ಹಸಿರುಗಟ್ಟಿದ ಪ್ರತಿ ಕೆರೆಯ ನೀರನ್ನೂ ಆ ಅಳತೆಗೋಲಿನಿಂದ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಬೇಕು. ಚರಂಡಿ ಕೆರೆ ಸೇರುವುದನ್ನು ತಡೆಯಬೇಕು. ಹಳ್ಳದ ದಂಡೆಯಲ್ಲಿ ಹುಲ್ಲಿನ ಪಟ್ಟಿ ಬೆಳೆಸಬೇಕು. ಗೊಬ್ಬರವನ್ನು ಮಣ್ಣಿನ ಪರೀಕ್ಷೆಯಂತೆ ಹಾಕಬೇಕು. ಗುಡ್ಡದೂರಿನ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ದಂಡೆಯಲ್ಲಿ ಬಿದ್ದ ಖಾಲಿ ಚಿಪ್ಪುಗಳನ್ನು ಎಣಿಸಿ, ದಿನಾಂಕದೊಡನೆ ಬರೆದಿಡಬೇಕು. ಖಾಲಿ ಚಿಪ್ಪು ಒಮ್ಮೆಲೇ ಹೆಚ್ಚಿದ ತಿಂಗಳು ಆ ಪುಸ್ತಕ ಗ್ರಾಮಸಭೆಗೆ ಬರಲಿ; ಅಧಿಕಾರಿಗಳು ಅದರ ಮುಂದೆ ಉತ್ತರ ಹೇಳಲಿ.