ಒಮ್ಮೆ ಕಟ್ಟಿದ್ದು ಹಲವರಿಗೆ ಒದಗಲಿ

ವಿದ್ಯಾಸಂಸ್ಥೆಗಳ ಆಡಳಿತವು ಇಂದು ಬಹುಮಟ್ಟಿಗೆ ಗಣಕಯಂತ್ರವನ್ನು ಅವಲಂಬಿಸಿದೆ. ಪ್ರವೇಶದ ಅರ್ಜಿ, ಶುಲ್ಕದ ಲೆಕ್ಕ, ಪ್ರಸಾದ ನಿಲಯದ ಹಾಜರಿ, ಗ್ರಂಥಾಲಯದ ಪುಸ್ತಕ ವಿತರಣೆ, ದಾನಿಗಳಿಗೆ ಕೊಡುವ ರಸೀದಿ, ಇವೆಲ್ಲವೂ ದಪ್ಪ ರಟ್ಟಿನ ದಾಖಲೆ ಪುಸ್ತಕಗಳಿಂದ ತೆರೆಯ ಮೇಲಕ್ಕೆ ಬಂದಿವೆ. ಇದು ಸ್ವಾಗತಾರ್ಹವೇ ಸರಿ. ಆದರೆ ಒಂದೇ ಮಠದ ನೆರಳಿನಲ್ಲಿರುವ ಎರಡು ಸಂಸ್ಥೆಗಳು ಒಂದೇ ಬಗೆಯ ತಂತ್ರಾಂಶವನ್ನು ಎರಡು ಸಲ ಬರೆಯಿಸಿ, ಎರಡು ಸಲ ಹಣ ತೆತ್ತು, ಕೆಲವೇ ವರ್ಷಗಳಲ್ಲಿ ಎರಡನ್ನೂ ಮೂಲೆಗಿರಿಸುವ ಪರಿಪಾಠವು ಎಷ್ಟರ ಮಟ್ಟಿಗೆ ಯುಕ್ತ? ಸಮಾಜದ ದಾನದಿಂದ ನಡೆಯುವ ಸಂಸ್ಥೆಗಳು ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳುವುದು ಅಗತ್ಯ. ಒಮ್ಮೆ ಕಟ್ಟಿದ ತಂತ್ರಾಂಶವು ಹಲವು ಕಡೆ ಬಳಕೆಗೆ ಬರುವಂತೆ ಮೊದಲಿನಿಂದಲೇ ಕಟ್ಟಬೇಕೆಂಬುದು ಪ್ರಕೃತ ಲೇಖನದ ಅಭಿಪ್ರಾಯ.

ಇದಕ್ಕೆ ಜಾಂಗೊ ಎಂಬ ವೆಬ್ ಫ್ರೇಮ್‌ವರ್ಕನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದ ದಿನಪತ್ರಿಕೆಯೊಂದರ ಕಚೇರಿಯಲ್ಲಿ, ೨೦೦೩ರಲ್ಲಿ, ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಎಂಬ ತರುಣರು ಪೈಥಾನ್ ಭಾಷೆಯಲ್ಲಿ ಇದನ್ನು ಆರಂಭಿಸಿದರು. ಪತ್ರಿಕೆಯ ಕೆಲಸಕ್ಕೆ ವಿಳಂಬ ಸಲ್ಲದು. ಪ್ರತಿ ತಾಣಕ್ಕೂ ಮೊದಲಿನಿಂದ ಬರೆಯುತ್ತ ಕೂರಲು ಅವರಿಗೆ ಕಾಲಾವಕಾಶವಿರಲಿಲ್ಲ. ಆದ್ದರಿಂದ ಎಲ್ಲೆಡೆ ಮರಳಿ ಬರುವ ಭಾಗಗಳನ್ನು ಬೇರ್ಪಡಿಸಿ ಇರಿಸಿಕೊಂಡರು. ೨೦೦೫ರ ಜುಲೈನಲ್ಲಿ ಅದನ್ನು ಮುಕ್ತ ಪರವಾನಗಿಯಡಿ ಲೋಕಕ್ಕೆ ಒಪ್ಪಿಸಲಾಯಿತು. ೨೦೦೮ರಲ್ಲಿ ಅದರ ಪೋಷಣೆಗಾಗಿ ಒಂದು ಪ್ರತಿಷ್ಠಾನವೂ ಸ್ಥಾಪನೆಯಾಯಿತು. ಒಂದು ಪತ್ರಿಕಾಲಯದ ಅಗತ್ಯಕ್ಕೆಂದು ಹುಟ್ಟಿದ ವಸ್ತು ಇಂದು ಜಗತ್ತಿನ ಅಸಂಖ್ಯ ತಾಣಗಳಿಗೆ ಆಧಾರವಾಗಿದೆ.

ಜಾಂಗೊದಲ್ಲಿ ಇಡೀ ತಾಣಕ್ಕೆ ‘ಪ್ರಾಜೆಕ್ಟ್’ ಎಂದೂ, ಅದರೊಳಗೆ ಒಂದೊಂದು ಕೆಲಸವನ್ನು ವಹಿಸಿಕೊಳ್ಳುವ ಘಟಕಕ್ಕೆ ‘ಆ್ಯಪ್’ ಎಂದೂ ಹೆಸರು. ಪ್ರಾಜೆಕ್ಟನ್ನು ಮನೆಯೆಂದರೆ ಆ್ಯಪನ್ನು ಬೀಸುವ ಕಲ್ಲೆನ್ನಬಹುದು. ಮನೆ ಬದಲಾದರೂ ಕಲ್ಲನ್ನು ಕೊಂಡೊಯ್ಯಬಹುದು. ಆದರೆ ಕಲ್ಲನ್ನು ಗೋಡೆಗೇ ಸೇರಿಸಿ ಗಾರೆ ಹಾಕಿದರೆ ಆ ಸೌಲಭ್ಯ ಉಳಿಯದು. ನಮ್ಮಲ್ಲಿ ಬಹುತೇಕ ನಡೆಯುತ್ತಿರುವುದು ಈ ಗಾರೆ ಹಾಕುವ ಕೆಲಸವೇ.

ದೇಣಿಗೆಯ ರಸೀದಿಯನ್ನೇ ನೋಡೋಣ. ದಾನಿಯ ಹೆಸರು, ದಿನಾಂಕ, ಮೊತ್ತ, ಉದ್ದೇಶ ಇವನ್ನು ದಾಖಲಿಸಿ, ಕ್ರಮಾಂಕವಿತ್ತು, ರಸೀದಿಯನ್ನು ಮುದ್ರಿಸುವುದು ಈ ಆ್ಯಪಿನ ಕಾರ್ಯ. ಅಷ್ಟನ್ನೇ ಅದು ಮಾಡಬೇಕು. ಅಷ್ಟನ್ನು ಚೆನ್ನಾಗಿ ಮಾಡಬೇಕು. ದಾನಿಯ ದೂರವಾಣಿಗೆ ಸಂದೇಶ ಕಳುಹಿಸುವುದಾಗಲಿ, ವಾರ್ಷಿಕ ಆಯವ್ಯಯ ಸಿದ್ಧಪಡಿಸುವುದಾಗಲಿ ಇನ್ನೊಂದರ ಹೊಣೆ. ಒಂದು ಆ್ಯಪಿನ ಕಾರ್ಯವನ್ನು ಒಂದೇ ವಾಕ್ಯದಲ್ಲಿ ಹೇಳಲಾಗದಿದ್ದರೆ ಅದನ್ನು ಎರಡಾಗಿ ಒಡೆಯಬೇಕೆಂದೇ ಅರ್ಥ.

ಎರಡನೆಯದಾಗಿ, ಆ್ಯಪು ತಾನಿರುವ ಮನೆಯ ಬಗೆಗೆ ಯಾವ ಪೂರ್ವಕಲ್ಪನೆಯನ್ನೂ ಇಟ್ಟುಕೊಳ್ಳಬಾರದು. ಶಾಲೆಯ ಹೆಸರು, ಲಾಂಛನ, ರಸೀದಿಯ ಮೊದಲ ಕ್ರಮಾಂಕ ಇವು ಸೆಟ್ಟಿಂಗ್ಸ್ ಕಡತದಲ್ಲಿರಬೇಕೇ ಹೊರತು ಆ್ಯಪಿನ ಒಡಲಲ್ಲಿ ಅಲ್ಲ. ಬಳಕೆದಾರರ ಖಾತೆ ಇಂತಹುದೇ ಆಗಿರುತ್ತದೆಂದು ಊಹಿಸದೆ, ೨೦೧೩ರ ೧.೫ನೆಯ ಆವೃತ್ತಿಯಿಂದ ಜಾಂಗೊ ಒದಗಿಸಿರುವ ವ್ಯವಸ್ಥೆಯಂತೆ, ಪ್ರಾಜೆಕ್ಟು ಯಾವ ಮಾದರಿಯನ್ನು ಸೂಚಿಸುತ್ತದೆಯೋ ಅದನ್ನೇ ಅನುಸರಿಸಬೇಕು. ಟೆಂಪ್ಲೇಟುಗಳನ್ನು ಆ್ಯಪಿನದೇ ಹೆಸರಿನ ಒಳಕೋಶದಲ್ಲಿ ಇರಿಸಿದರೆ ಬೇರೆಯವುಗಳೊಡನೆ ಗೊಂದಲವಾಗದು. ಬಳಸುವವರು ತಮಗೆ ಬೇಕಾದ ರೂಪವನ್ನು ಅದರ ಮೇಲೆ ಹೊದಿಸಿಕೊಳ್ಳಬಹುದು. ತೆರೆಯ ಮೇಲಿನ ಮಾತುಗಳನ್ನು ಅನುವಾದಕ್ಕೆ ತೆರೆದಿಟ್ಟರೆ ಅದೇ ಆ್ಯಪು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ನುಡಿದೀತು. ಜಾಂಗೊದ ಭಾಷಾಪಟ್ಟಿಯಲ್ಲಿ ಕನ್ನಡಕ್ಕೂ ಸ್ಥಾನವಿರುವುದು ನಮಗೆ ಹರ್ಷದ ಸಂಗತಿ.

ಮೂರನೆಯದು, ಅಪರಿಚಿತರ ಮೇಲಿನ ಕಾಳಜಿ. ಬರೆದವನು ಊರು ಬಿಟ್ಟ ಮೇಲೆಯೂ ತಂತ್ರಾಂಶ ಬದುಕಬೇಕಾದರೆ ಸ್ಥಾಪಿಸುವ ವಿಧಾನವನ್ನು ತಿಳಿಸುವ ಕೈಪಿಡಿ, ತಪ್ಪನ್ನು ಹಿಡಿಯುವ ಪರೀಕ್ಷೆಗಳು, ಆವೃತ್ತಿಯ ಸಂಖ್ಯೆ, ಪರವಾನಗಿಯ ಪತ್ರ, ಈ ನಾಲ್ಕೂ ಜೊತೆಗಿರಬೇಕು. ದತ್ತಾಂಶದ ರಚನೆಯಲ್ಲಿ ಮಾಡಿದ ಮಾರ್ಪಾಡುಗಳ ಕ್ರಮಬದ್ಧ ದಾಖಲೆಯಾದ ಮೈಗ್ರೇಷನ್ ಕಡತಗಳೂ ಇರಬೇಕು. ಇಲ್ಲವಾದರೆ ಹೊಸ ಆವೃತ್ತಿ ಬಂದಾಗ ಹಳೆಯ ರಸೀದಿಗಳ ಗತಿ ಚಿಂತಾಜನಕವಾದೀತು. ಹಂಚಬೇಕಾದ್ದು ತಂತ್ರಾಂಶವನ್ನು ಮಾತ್ರ. ಮಕ್ಕಳ, ದಾನಿಗಳ ವಿವರಗಳನ್ನಾಗಲಿ ಗುಪ್ತಪದಗಳನ್ನಾಗಲಿ ಎಂದಿಗೂ ಅಲ್ಲ. ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಸಂಸತ್ತು ೨೦೨೩ರಲ್ಲಿ ಕಾಯಿದೆಯನ್ನೇ ಮಾಡಿದೆ. ಕಾಯಿದೆ ಇಲ್ಲದಿದ್ದರೂ ಇದು ನಮ್ಮ ಧರ್ಮ.

ಆಕ್ಷೇಪಗಳಿಲ್ಲವೆಂದಲ್ಲ. ಸಿದ್ಧ ತಂತ್ರಾಂಶವನ್ನು ಕೊಂಡರಾಗದೆ ಎಂದು ಕೇಳಬಹುದು. ಸಂಬಳದ ಲೆಕ್ಕದಂತಹ ಸರ್ವಸಾಮಾನ್ಯ ಕೆಲಸಕ್ಕೆ ಕೊಳ್ಳುವುದೇ ಲೇಸು. ಆದರೆ ಉಚಿತ ಪ್ರಸಾದ ನಿಲಯ, ದತ್ತಿನಿಧಿ, ದಾಸೋಹದ ಸೇವಾ ಸರದಿ ಇವು ನಮ್ಮ ಸಂಸ್ಥೆಗಳ ವಿಶಿಷ್ಟ ಅಗತ್ಯಗಳು. ಅಂಗಡಿಯ ಸರಕು ಇವಕ್ಕೆ ಸರಿಹೊಂದುವುದು ಅಪರೂಪ. ಎಲ್ಲವನ್ನೂ ಚೂರುಚೂರಾಗಿಸಿ ಪರರ ತುಣುಕುಗಳನ್ನು ನೆಚ್ಚುವುದು ಅಪಾಯವಲ್ಲವೆ ಎಂಬ ಇನ್ನೊಂದು ಆಕ್ಷೇಪಕ್ಕೂ ಬಲವಿದೆ. ೨೦೧೬ರ ಮಾರ್ಚಿನಲ್ಲಿ ಜಾವಾಸ್ಕ್ರಿಪ್ಟ್ ಲೋಕದಲ್ಲಿ ಕೇವಲ ೧೧ ಸಾಲುಗಳ ಒಂದು ಪ್ಯಾಕೇಜನ್ನು ಅದರ ಕರ್ತೃವು ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಸಾವಿರಾರು ಯೋಜನೆಗಳ ಕೆಲಸ ನಿಂತುಹೋಯಿತು. ಆದ್ದರಿಂದ ವಿವೇಕವಿರಲಿ. ಮೊದಲ ಸಲವೇ ಸರ್ವೋಪಯೋಗಿಯಾದುದನ್ನು ಕಲ್ಪಿಸಿಕೊಂಡು ಬರೆಯಲು ಹೋಗಬಾರದು. ಒಂದು ಕಡೆ ನಡೆಸಿ, ಎರಡನೆಯ ಕಡೆ ಹೊಂದಿಸಿ, ಮೂರನೆಯ ಕಡೆಯೂ ಬೇಕೆಂದಾಗ ಬೇರ್ಪಡಿಸಿದರೆ ಅದು ಅನುಭವದಿಂದ ಪಕ್ವವಾಗಿರುತ್ತದೆ.

ಇಲ್ಲಿ ದಾನಿಗಳಲ್ಲಿ ಒಂದು ವಿಜ್ಞಾಪನೆ. ಕಟ್ಟಡಕ್ಕೆ ಕೊಟ್ಟ ದಾನವು ಕಣ್ಣಿಗೆ ಕಾಣುತ್ತದೆ. ಶಿಲಾಫಲಕದಲ್ಲಿ ಹೆಸರು ಉಳಿಯುತ್ತದೆ. ತಂತ್ರಾಂಶದ ನಿರ್ವಹಣೆಗೆ ಕೊಟ್ಟದ್ದು ಕಾಣಿಸದು. ಆದರೆ ನಿರ್ವಹಣೆ ಇಲ್ಲದ ತಂತ್ರಾಂಶವು ಮಾಡು ಸೋರುವ ಕಟ್ಟಡಕ್ಕಿಂತ ಬೇಗ ಹಾಳಾಗುತ್ತದೆ. ಜಾಂಗೊದ ದೀರ್ಘಾವಧಿ ಆವೃತ್ತಿಗೂ ದೊರೆಯುವ ರಕ್ಷಣೆ ೩ ವರ್ಷಗಳದು ಮಾತ್ರ. ಆಮೇಲೆ ಹೊಸದಕ್ಕೆ ಹೊಂದಿಸಿಕೊಳ್ಳಲೇಬೇಕು. ಕೊಟ್ಟೆನೆಂಬ ಹಮ್ಮಿಲ್ಲದೆ ಕೊಡುವುದನ್ನೇ ಶರಣರು ದಾಸೋಹವೆಂದರು. ಹೆಸರು ಕಾಣದ ಈ ಸೇವೆಗೆ ಆ ಮಾತು ಚೆನ್ನಾಗಿ ಒಪ್ಪುತ್ತದೆ.

ಅಧ್ಯಾಪಕ ಬಂಧುಗಳು ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಹೊಸ ಪ್ರೋಗ್ರಾಮು ಬರೆಯುವುದನ್ನು ಕಲಿಸುವಂತೆಯೇ ಇದ್ದುದನ್ನು ಓದಿ ತಿದ್ದುವುದನ್ನೂ, ಕೈಪಿಡಿಯನ್ನು ಕನ್ನಡದಲ್ಲಿ ಬರೆಯುವುದನ್ನೂ ಕಲಿಸಲಿ. ಈ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ತಿಂಗಳಿಗೆ ಒಂದೆರಡು ಗಂಟೆ ಅವರ ಬರಹವನ್ನು ಪರಿಶೀಲಿಸಿಕೊಡಲಿ. ಆರಂಭಕ್ಕೆ ದೊಡ್ಡ ಯೋಜನೆ ಬೇಡ. ರಸೀದಿಯ ಆ್ಯಪು ಒಂದೇ ಸಾಕು. ಅದು ನಮ್ಮ ಶಾಲೆಯಲ್ಲಿ ಒಂದು ವರ್ಷ ನಿರ್ವಿಘ್ನವಾಗಿ ನಡೆದು, ನೆರೆಯೂರಿನ ಶಾಲೆಗೆ ಒಂದು ಅಕ್ಷರವನ್ನೂ ತಿದ್ದದೆ ಒದಗಿದ ದಿನ ನಮ್ಮ ಶ್ರಮ ಸಾರ್ಥಕವಾಯಿತೆಂದು ತಿಳಿಯಬಹುದು.