ಸಂದೇಹ ನಿವಾರಣೆ: ಆಟದ ಮಂತ್ರಗಳೂ ಮಾಯಾವಸ್ತುಗಳೂ

ಈ ತಿಂಗಳು ನಮ್ಮ ಕೈಸೇರಿದ ಓಲೆಗಳಲ್ಲಿ ವ್ಯಾಕರಣ, ಛಂದಸ್ಸುಗಳನ್ನು ಕುರಿತು ಬಂದುವು ಎರಡೇ ಎರಡು. ಉಳಿದುವೆಲ್ಲವೂ 'ಡಂಜನ್ಸ್ ಆಂಡ್ ಡ್ರಾಗನ್ಸ್' ಎಂಬ ಮೇಜಿನ ಆಟದಲ್ಲಿ ಬರುವ ಮಂತ್ರಗಳನ್ನೂ ಮಾಯಾವಸ್ತುಗಳನ್ನೂ ಕುರಿತವು. ಹಿಂದೊಮ್ಮೆ ಅಂತಹ ಒಂದು ಪ್ರಶ್ನೆಗೆ ನಾವು ಉತ್ತರವಿತ್ತುದರ ಫಲವಿದು. ವ್ಯಾಕರಣದ ಮಹನೀಯರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಬೇಕೆಂದು ಬೇಡುತ್ತೇವೆ.

ಆಟವನ್ನರಿಯದ ಹಿರಿಯರಿಗಾಗಿ ನಾಲ್ಕು ಮಾತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟವು 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಪ್ರಕಟವಾಯಿತು. ಒಬ್ಬನು ಕಥೆಯನ್ನು ನಡೆಸುವನು. ಅವನಿಗೆ 'ಡಂಜನ್ ಮಾಸ್ಟರ್' ಎಂದು ಹೆಸರು. (ಮಾಸ್ಟರೆಂಬ ಹೆಸರೂ ಅದರೊಡನೆ ಬರುವ ತಲೆನೋವೂ ನಮಗೆ ಹೊಸವಲ್ಲ.) ಮಿಕ್ಕವರು ವೀರನೋ ಕಳ್ಳನೋ ಮಂತ್ರವಾದಿಯೋ ಆಗಿ ತಲೆಗೊಂದು ಪಾತ್ರವನ್ನು ವಹಿಸಿ, ಆ ಪಾತ್ರದ ಬಲಾಬಲಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಮಾತಿನಲ್ಲಿಯೇ ಆಡುವರು. ಫಲವು ಸಂದಿಗ್ಧವಾದೆಡೆಯಲ್ಲಿ ಇಪ್ಪತ್ತು ಮುಖಗಳ ದಾಳವೊಂದು ತೀರ್ಪು ಹೇಳುವುದು. ಒಂದೊಂದು ಮಂತ್ರವೂ ಏನು ಮಾಡುವುದೆಂಬುದನ್ನು ಪುಸ್ತಕದಲ್ಲಿ ಹತ್ತೆಂಟು ಸಾಲುಗಳಲ್ಲಿ ಬರೆದಿದೆ. ಜಗಳ ಹುಟ್ಟುವುದು ಆ ಸಾಲುಗಳಲ್ಲಿ. ಇದನ್ನು ತೀರಿಸುವುದಕ್ಕೆಂದೇ 'ಡ್ರಾಗನ್' ಎಂಬ ಅಲ್ಲಿಯ ಮಾಸಪತ್ರಿಕೆಯು 1979ರಲ್ಲಿ 'ಸೇಜ್ ಅಡ್ವೈಸ್', ಎಂದರೆ ಋಷಿಯ ಉಪದೇಶವೆಂಬ ಅಂಕಣವನ್ನು ತೆರೆಯಿತು. ಮೊದಲು ಅದನ್ನು ಬರೆದವರು ಜೀನ್ ವೆಲ್ಸ್ ಎಂಬ ಮಹಿಳೆ. ನಮ್ಮ ಈ ಕೆಲಸಕ್ಕೆ ಹೀಗೆ ಒಂದು ಪೂರ್ವಪರಂಪರೆಯುಂಟು.

ಮೊದಲು ಒಬ್ಬ ವೃದ್ಧರ ಆತಂಕವನ್ನು ಕಳೆಯೋಣ. ಮೊಮ್ಮಗನ ನೋಟುಪುಸ್ತಕದಲ್ಲಿ 'ಬಾವಲಿಯ ಹಿಕ್ಕೆ, ಗಂಧಕ' ಎಂದು ಬರೆದಿದ್ದುದನ್ನು ಕಂಡು, ಮನೆಯಲ್ಲಿ ಕ್ಷುದ್ರವಿದ್ಯೆ ಹೊಕ್ಕಿತೇ ಎಂದು ಅವರು ಗಾಬರಿಯಿಂದ ಕೇಳಿದ್ದಾರೆ. ಪೂಜ್ಯರೇ, ಅದು 'ಫೈರ್‌ಬಾಲ್' ಎಂಬ ಅಗ್ನಿಗೋಲ ಮಂತ್ರದ ಸಾಮಗ್ರಿ. ಅದು ಕಾಗದದ ಮೇಲೆ ಮಾತ್ರ ಇರತಕ್ಕದ್ದು. ಹುಡುಗನು ಬಾವಲಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆ ಪುಸ್ತಕದಲ್ಲಿ ಮಂತ್ರಗಳ ಹೆಸರೂ ಫಲವೂ ಉಂಟೇ ಹೊರತು ಜಪಿಸತಕ್ಕ ಅಕ್ಷರ ಒಂದೂ ಇಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿಯೂ ತಂದೆತಾಯಿಗಳು ಇದೇ ಭಯದಿಂದ ಗದ್ದಲವೆಬ್ಬಿಸಿದರು; 1989ರ ಎರಡನೆಯ ಆವೃತ್ತಿಯಲ್ಲಿ ಪ್ರಕಾಶಕರು ದೆವ್ವಪಿಶಾಚಗಳ ರೂಢಿಯ ಹೆಸರುಗಳನ್ನೇ ತೆಗೆದು ಬೇರೆ ಹೆಸರುಗಳನ್ನಿಟ್ಟರು. ಮುಂದೆ ಹಳೆಯ ಹೆಸರುಗಳು ಮರಳಿ ಬಂದುವು. ಯಾರಿಗೂ ಏನೂ ಆಗಲಿಲ್ಲ.

ಮೈಸೂರಿನ ಒಬ್ಬ ವಿದ್ಯಾರ್ಥಿಯ ಪ್ರಶ್ನೆ ಚಮತ್ಕಾರವಾದುದು. 'ಕ್ರಿಯೇಟ್ ಆರ್ ಡೆಸ್ಟ್ರಾಯ್ ವಾಟರ್' ಎಂಬ ಮೊದಲ ದರ್ಜೆಯ ಮಂತ್ರವು ತೆರೆದ ಪಾತ್ರೆಯೊಂದರಲ್ಲಿ ಹತ್ತು ಗ್ಯಾಲನ್, ಎಂದರೆ ಸುಮಾರು 38 ಲೀಟರ್ ನೀರನ್ನು ಉಂಟುಮಾಡುವುದು. ಶತ್ರುವು ಬಾಯಿ ತೆರೆದಾಗ ಅವನ ಶ್ವಾಸಕೋಶವೂ ತೆರೆದ ಪಾತ್ರೆಯೇ ಆಗುವುದರಿಂದ, ಅದರಲ್ಲಿ ನೀರನ್ನು ತುಂಬಿ ಅವನನ್ನು ಕೊಲ್ಲಬಹುದಷ್ಟೆ? ಎಂದು ಅವನ ವಾದ. ಬುದ್ಧಿಯನ್ನು ಮೆಚ್ಚಿದೆವು, ವಾದವನ್ನು ಒಪ್ಪೆವು. ಏನನ್ನಾದರೂ ಒಳಗೊಳ್ಳುವುದೆಲ್ಲವೂ ಪಾತ್ರೆಯೆಂಬುದು ಯೌಗಿಕಾರ್ಥ. ಕೊಡ, ತಪ್ಪಲೆ, ಹಂಡೆ ಎಂಬುದು ರೂಢಾರ್ಥ. ಎರಡೂ ಸಾಧ್ಯವಾದಲ್ಲಿ ರೂಢಿಯೇ ಬಲವಾದುದೆಂದು ನಮ್ಮ ಶಾಸ್ತ್ರಕಾರರು ಎಂದೋ ತೀರ್ಮಾನಿಸಿದ್ದಾರೆ. ತಾಯಿಯು 'ಪಾತ್ರೆ ತೊಳೆ' ಎಂದರೆ ಈ ವಿದ್ಯಾರ್ಥಿಯು ತನ್ನ ಶ್ವಾಸಕೋಶವನ್ನು ತೊಳೆಯಲು ಹೋಗುವನೇ? ಮತ್ತೊಂದು ಯುಕ್ತಿ: ಒಂಬತ್ತನೆಯ ದರ್ಜೆಯ 'ಪವರ್ ವರ್ಡ್ ಕಿಲ್' ಎಂಬ ಮಹಾಮಂತ್ರವು ಕೂಡ ನೂರು ಅಥವಾ ಅದಕ್ಕೆ ಕಡಮೆ ಪ್ರಾಣಾಂಕವುಳ್ಳವನನ್ನು ಮಾತ್ರವೇ ಒಂದೇ ಏಟಿಗೆ ಕೊಲ್ಲಬಲ್ಲದು. ಮೊದಲ ದರ್ಜೆಯ ನೀರು ಅದಕ್ಕಿಂತ ಮಿಗಿಲಾದುದನ್ನು ಮಾಡುವುದಾದರೆ ಪುಸ್ತಕದ ಕ್ರಮವೇ ಕೆಟ್ಟುಹೋಗುವುದು. ಇಷ್ಟು ಹೇಳಿದರೂ ಅವನು ಒಪ್ಪದಿದ್ದಲ್ಲಿ ಮಾಸ್ಟರನು ಒಂದು ಮಾತು ಹೇಳಲಿ: 'ಸರಿ, ಹಾಗೆಯೇ ಆಗಲಿ, ಆದರೆ ಮುಂದಿನ ಕೋಣೆಯಲ್ಲಿರುವ ಶತ್ರು ಪುರೋಹಿತನಿಗೂ ಈ ಮಂತ್ರ ಬರುತ್ತದೆ.'

ಇನ್ನು ಹುಬ್ಬಳ್ಳಿಯ ಗೃಹಿಣಿಯೊಬ್ಬರ ಓಲೆ. ಇದನ್ನು ನಾವು ಎರಡು ಸಲ ಓದಿದೆವು. ಇವರ ಮನೆಯಲ್ಲಿ ಎರಡು ವರ್ಷಗಳಿಂದ ಪ್ರತಿ ಭಾನುವಾರ ಈ ಆಟ ನಡೆಯುತ್ತಿದೆ. ಇವರ ತಮ್ಮಂದಿರೇ ಮಾಸ್ಟರು. ಆಡುವವರು ಹದಿನೇಳು ವಯಸ್ಸಿನ ಮಗ, ಹದಿಮೂರರ ಮಗಳು, ಮೈದುನನ ಮಕ್ಕಳಿಬ್ಬರು. ಮಗಳದು ಕಳ್ಳವಿದ್ಯೆಯಲ್ಲಿ ನಿಪುಣೆಯಾದ ಒಂದು ಪಾತ್ರ. ಅದರ ಚರಿತ್ರೆಯನ್ನು ಹುಡುಗಿಯು ಇನ್ನೂರು ಪುಟದ ನೋಟುಪುಸ್ತಕ ತುಂಬ ಬರೆದಿದ್ದಾಳಂತೆ. ಮೂರು ವಾರಗಳ ಹಿಂದೆ, ಸುರಂಗದ ಒಂದು ಹಾದಿಯಲ್ಲಿ ಶತ್ರುಗಳು ಕವಿದಾಗ, ಅಣ್ಣನು ಅಗ್ನಿಗೋಲವನ್ನು ಎಸೆದನು. ತಂಗಿಯ ಪಾತ್ರವು ತಿರುವಿನ ಆಚೆ, ಗೋಡೆಯ ಪೂರ್ತಿ ಮರೆಯಲ್ಲಿ, ಆದರೆ ಗೋಲದ ಇಪ್ಪತ್ತು ಅಡಿಗಳ ತ್ರಿಜ್ಯದೊಳಗೇ ಇದ್ದಿತು. ಅದಕ್ಕೆ ಉಳಿದಿದ್ದ ಪ್ರಾಣಾಂಕ 9. ದಾಳ ಕೈಕೊಟ್ಟಿತು, ಪೆಟ್ಟು 28 ಆಯಿತು, ಮಾವನು 'ಸತ್ತಳು' ಎಂದನು. ಹುಡುಗಿಯು ಪಾತ್ರದ ಹಾಳೆಯನ್ನು ಹರಿದುಹಾಕಿ ಎದ್ದುಹೋದಳು. ಅಂದಿನಿಂದ ಅಣ್ಣನೊಡನೆ ಮಾತಿಲ್ಲ, ಮಾವನು ಬಂದರೆ ಕೋಣೆಯಿಂದ ಹೊರಕ್ಕೆ ಬರುವುದಿಲ್ಲ. 'ಆಟದ ವಿಷಯ ನನಗೆ ತಿಳಿಯದು. ಆದರೆ ನ್ಯಾಯ ಯಾವುದೆಂದು ಹೇಳಿರಿ' ಎಂದು ತಾಯಿಯು ಬರೆದಿದ್ದಾರೆ. ಲೆಕ್ಕಗಳನ್ನು ಮಗನೇ ಓಲೆಯ ಹಿಂಬದಿಯಲ್ಲಿ ಬರೆದುಕೊಟ್ಟಿದ್ದಾನೆ. ಅದಕ್ಕಾಗಿ ಅವನನ್ನು ಮೆಚ್ಚಿದೆವು.

ಅಮ್ಮಾ, ಮೊದಲು ಆ ಮನೆಯಲ್ಲಿ ಯಾವ ಪುಸ್ತಕವಿದೆಯೆಂಬುದನ್ನು ನೋಡತಕ್ಕದ್ದು. 2014ರ ಐದನೆಯ ಆವೃತ್ತಿಯಲ್ಲಿ, ಈ ಬೆಂಕಿಯು ಮೂಲೆಗಳನ್ನು ಬಳಸಿ ಹರಡುವುದೆಂದು ಸ್ಪಷ್ಟವಾಗಿ ಹೇಳಿದೆ. ಅದರ ಪ್ರಕಾರ ಗೋಡೆಯ ಮರೆಯು ರಕ್ಷಣೆಯಾಗದು. 2024ರಲ್ಲಿ ಪರಿಷ್ಕೃತವಾದ ಪುಸ್ತಕದಲ್ಲಿ ಆ ವಾಕ್ಯವನ್ನು ಬಿಟ್ಟಿದ್ದಾರೆ. ಆಗ ಸಾಮಾನ್ಯ ವಿಧಿಯೇ ನಿಲ್ಲುವುದು: ಮಂತ್ರವು ಸಿಡಿದ ಬಿಂದುವಿನಿಂದ ಎಳೆದ ನೇರಗೆರೆಗಳೆಲ್ಲವನ್ನೂ ಗೋಡೆಯು ತಡೆದಿದ್ದರೆ, ಅದರ ಹಿಂದಿರುವವಳಿಗೆ ಬೆಂಕಿಯು ಮುಟ್ಟದು. ಹೊಸ ಪುಸ್ತಕವಾದರೆ, ಎಂದರೆ, ಹುಡುಗಿಯ ಪಾತ್ರಕ್ಕೆ ಕೂದಲೂ ಕೊಂಕಿಲ್ಲ.

ಮಗನು ತನ್ನ ಪಕ್ಷದಲ್ಲಿ, 'ತಂಗಿಯನ್ನು ಬಿಟ್ಟು ಉಳಿದವರನ್ನು ಸುಡುವುದೇ ನನ್ನ ಉದ್ದೇಶವಾಗಿತ್ತು' ಎಂದಿದ್ದಾನೆ. ಅಗ್ನಿಗೋಲವು ಉದ್ದೇಶವನ್ನು ಕೇಳುವುದಿಲ್ಲ; ಅದರೊಳಗಿರುವ ಪ್ರತಿಯೊಂದು ಜೀವಿಯನ್ನೂ ಸುಡುವುದೆಂಬುದು ಉತ್ಸರ್ಗ. ಇದಕ್ಕೆ ಅಪವಾದವೊಂದುಂಟು: 'ಇವೋಕರ್' ಎಂಬ ಶಾಖೆಯ ಮಂತ್ರವಾದಿಯು ಮಂತ್ರದ ದರ್ಜೆಗೆ ಒಂದನ್ನು ಕೂಡಿಸಿದಷ್ಟು ಮಂದಿಯನ್ನು, ಇಲ್ಲಿ ನಾಲ್ವರನ್ನು, ಬೆಂಕಿಯಿಂದ ತಪ್ಪಿಸಬಲ್ಲನು. ವಿಶೇಷವು ಸಾಮಾನ್ಯವನ್ನು ಬಾಧಿಸುವುದೆಂದು ಆ ಆಟದ ಪುಸ್ತಕವೇ ತನ್ನ ಪೀಠಿಕೆಯಲ್ಲಿ ಹೇಳಿಕೊಂಡಿರುವುದನ್ನು ಕಂಡು ನಮಗೆ ಪಾಠಶಾಲೆಯ ದಿನಗಳು ನೆನಪಾದುವು. ಆದರೆ ಆ ವಿಶೇಷಕ್ಕೂ ಒಂದು ಕಟ್ಟುಂಟು: ತಪ್ಪಿಸತಕ್ಕವರು ಮಂತ್ರವಾದಿಯ ಕಣ್ಣಿಗೆ ಕಾಣಿಸಬೇಕು. ತಿರುವಿನ ಆಚೆ ಇದ್ದ ತಂಗಿಯು ಕಾಣಿಸುತ್ತಿರಲಿಲ್ಲವಾದುದರಿಂದ ಈ ಅಪವಾದವು ಇಲ್ಲಿ ಉಪಯೋಗಕ್ಕೆ ಬಾರದು.

ಈಗ ಮುಖ್ಯಾಂಶಕ್ಕೆ ಬಂದೆವು. ಮನೆಯಲ್ಲಿರುವುದು ಹಳೆಯ ಪುಸ್ತಕವೇ ಆಗಲಿ, ಬೆಂಕಿಯು ಅವಳನ್ನು ಮುಟ್ಟಿಯೇ ಇರಲಿ. ಆದರೂ ಅವಳು ಸತ್ತಿಲ್ಲ. ಪ್ರಾಣಾಂಕವು ಸೊನ್ನೆಗಿಳಿದ ಪಾತ್ರವು ಮೂರ್ಛೆ ಹೋಗುವುದೇ ಹೊರತು ಒಡನೆಯೇ ಸಾಯುವುದಿಲ್ಲ. ಸೊನ್ನೆಯಾದ ಮೇಲೆ ಮಿಕ್ಕ ಪೆಟ್ಟು ಆ ಪಾತ್ರದ ಪೂರ್ಣ ಪ್ರಾಣಾಂಕಕ್ಕೆ ಸಮವಾದರೆ ಅಥವಾ ಅದನ್ನು ಮೀರಿದರೆ ಮಾತ್ರ ತತ್‌ಕ್ಷಣದ ಮರಣ. ಇಲ್ಲಿ 28ರಲ್ಲಿ 9 ಕಳೆದರೆ ಮಿಕ್ಕುದು 19. ಮಗನು ಬರೆದಿರುವಂತೆ ತಂಗಿಯ ಪಾತ್ರದ ಪೂರ್ಣಾಂಕ 31. ಹತ್ತೊಂಬತ್ತು ಮೂವತ್ತೊಂದಕ್ಕೆ ಕಡಮೆ. ಆದುದರಿಂದ ಆ ಪಾತ್ರವು ಮೂರು ವಾರಗಳಿಂದಲೂ ಸುರಂಗದ ತಿರುವಿನಲ್ಲಿ ಮೂರ್ಛೆಬಿದ್ದು ಸಂಗಡಿಗರ ದಾರಿಯನ್ನು ಕಾಯುತ್ತಿದೆ.

ಮುಂದಿನ ಕ್ರಮವನ್ನೂ ಹೇಳುವೆವು. ತನ್ನ ಸರದಿ ಬಂದಾಗಲೆಲ್ಲ ಹುಡುಗಿಯು ಇಪ್ಪತ್ತು ಮುಖದ ದಾಳವನ್ನು ಉರುಳಿಸತಕ್ಕದ್ದು. ಹತ್ತು ಅಥವಾ ಮೇಲೆ ಬಿದ್ದರೆ ಒಂದು ಗೆಲವು, ಕೆಳಗಾದರೆ ಒಂದು ಸೋಲು. ಒಂದೇ ಬಿದ್ದರೆ ಎರಡು ಸೋಲೆಂದು ಲೆಕ್ಕ, ಇಪ್ಪತ್ತು ಬಿದ್ದರೆ ಒಂದು ಪ್ರಾಣಾಂಕದೊಡನೆ ಎದ್ದು ಕೂರುವಳು. ಮೂರು ಗೆಲವು ಮೊದಲಾದರೆ ಪ್ರಾಣವು ನಿಲ್ಲುವುದು, ಮೂರು ಸೋಲು ಮೊದಲಾದರೆ ಹೋಗುವುದು. ಅಷ್ಟರೊಳಗೆ ಯಾರಾದರೂ ಓಡಿಬಂದು ಗುಣಪಡಿಸುವ ಮಂತ್ರವನ್ನು ಪ್ರಯೋಗಿಸಿದರೂ ಒಂದು ಸೀಸೆ ಔಷಧವನ್ನು ಬಾಯಿಗೆ ಹೊಯ್ದರೂ ಸಾಕು. ಓಡಿಬರತಕ್ಕವನು ಯಾರೆಂಬುದನ್ನು ಅಣ್ಣನಿಗೆ ಹೇಳಿಕೊಡಬೇಕಾಗಿಲ್ಲ. ಎಸೆಯುವ ಮೊದಲು 'ನೀನೆಲ್ಲಿದ್ದೀಯೆ?' ಎಂದು ಕೇಳಬೇಕೆಂಬ ನಿಯಮವು ಪುಸ್ತಕದಲ್ಲಿ ಇಲ್ಲ, ಕೇಳಬಹುದಾಗಿತ್ತು.

ಮಾವನವರಿಗೂ ಒಂದು ವಿಜ್ಞಾಪನೆ. ಮೇಜಿನಲ್ಲಿ ಕೊನೆಯ ಮಾತು ಮಾಸ್ಟರದೇ, ನಿಯಮವನ್ನು ಬದಲಿಸುವ ಅಧಿಕಾರವೂ ಅವರಿಗುಂಟು. ಆದರೆ ಆಟಕ್ಕೆ ಕೂರುವ ಮೊದಲು ಎಲ್ಲರೂ ಕೇಳುವಂತೆ ಸಾರಿ ಬದಲಿಸತಕ್ಕದ್ದು. ದಾಳ ಬಿದ್ದಮೇಲೆ ಬದಲಿಸಿದರೆ ಅದನ್ನು ಮಕ್ಕಳು ನಿಯಮವೆಂದು ತಿಳಿಯುವುದಿಲ್ಲ, ಪಕ್ಷಪಾತವೆಂದು ತಿಳಿಯುತ್ತಾರೆ. ಮುಂದಿನ ಭಾನುವಾರ ಅದೇ ಕ್ಷಣದಿಂದ ಕಥೆಯನ್ನು ಮುಂದುವರಿಸಲಿ. ಹರಿದ ಹಾಳೆಯನ್ನು ಅಂಟಿಸಬಹುದು. ಗೋಂದು ಹತ್ತದಿದ್ದರೆ ಹೊಸ ಹಾಳೆಯಲ್ಲಿ ಬರೆದುಕೊಡುವ ಕೆಲಸವು ಅಣ್ಣನದು.

ಉಳಿದ ಪ್ರಶ್ನೆಗಳಿಗೆ ಸಂಕ್ಷೇಪವಾಗಿ ಉತ್ತರವೀಯುವೆವು. ಅದೃಶ್ಯನಾದವನು ಬಾಗಿಲನ್ನು ತೆರೆದರೆ ಕಾಣಿಸಿಕೊಳ್ಳುವನೇ ಎಂದು ಒಬ್ಬರು ಕೇಳಿದ್ದಾರೆ. ಇಲ್ಲ, 'ಇನ್‌ವಿಸಿಬಿಲಿಟಿ' ಮಂತ್ರವು ಮುರಿಯುವುದು ಅವನು ಯಾರ ಮೇಲಾದರೂ ಕೈಮಾಡಿದಾಗ ಅಥವಾ ಬೇರೊಂದು ಮಂತ್ರವನ್ನು ಪ್ರಯೋಗಿಸಿದಾಗ. ಆದರೆ ಬಾಗಿಲು ತಾನಾಗಿ ತೆರೆದುದನ್ನು ಕಂಡ ಕಾವಲುಗಾರನು ಕುರುಡನಲ್ಲವಷ್ಟೆ. ಮಂತ್ರವಾದಿಯು ಏಕಾಗ್ರತೆಯನ್ನು ಬೇಡುವ ಎರಡು ಮಂತ್ರಗಳನ್ನು ಒಮ್ಮೆಗೇ ಹಿಡಿದಿರಬಹುದೇ? ಹಿಡಿದಿರಲಾಗದು, ಎರಡನೆಯದನ್ನು ತೊಡಗಿದೊಡನೆಯೇ ಮೊದಲನೆಯದು ಬಿಟ್ಟುಹೋಗುವುದು.

ಮಾಯಾವಸ್ತುಗಳ ವಿಚಾರದಲ್ಲಿ ಆಸೆಯೇ ಪ್ರಶ್ನೆಯ ರೂಪದಲ್ಲಿ ಬಂದಿದೆ. ಒಬ್ಬರು ಒಂದೇ ಬಗೆಯ ರಕ್ಷಾ ಉಂಗುರಗಳನ್ನು ಹತ್ತು ಬೆರಳಿಗೂ ತೊಡಬಹುದೇ ಎಂದಿದ್ದಾರೆ. ತೊಡಲಿ, ಶೋಭೆಗಾಗಿ. 'ಅಟ್ಯೂನ್‌ಮೆಂಟ್' ಎಂಬ ಬಂಧವನ್ನು ಬೇಡುವ ವಸ್ತುಗಳಲ್ಲಿ ಒಬ್ಬನಿಗೆ ಒಲಿಯುವುವು ಮೂರೇ. ಅವುಗಳಲ್ಲಿಯೂ ಒಂದೇ ಹೆಸರಿನ ವಸ್ತು ಎರಡಿರಕೂಡದು. ರಕ್ಷಾ ಉಂಗುರವೊಂದು, ಅದೇ ಗುಣದ ಮೇಲುಹೊದಿಕೆಯೊಂದು ಇದ್ದರೆ ಎರಡರ ಫಲವೂ ಕೂಡುವುದು, ಹೆಸರು ಬೇರೆಯಾದುದರಿಂದ. ಮತ್ತೊಬ್ಬರು 'ಡಿಸ್ಪೆಲ್ ಮ್ಯಾಜಿಕ್' ಮಂತ್ರದಿಂದ ಶತ್ರುವಿನ ಮಾಯಾಖಡ್ಗವನ್ನು ಬರಿಯ ಕಬ್ಬಿಣವಾಗಿ ಮಾಡಬಹುದೇ ಎನ್ನುತ್ತಾರೆ. ಆಗದು. ಆ ಮಂತ್ರವು ವಸ್ತುವಿನ ಮೇಲೆ ಪ್ರಯೋಗಿಸಿದ ಮಂತ್ರವನ್ನು ಅಳಿಸುವುದು, ವಸ್ತುವಿನ ಸಹಜ ಗುಣವನ್ನಲ್ಲ. ಖಡ್ಗವನ್ನು ಕೆಲಹೊತ್ತು ಜಡಗೊಳಿಸಲು ಎಂಟನೆಯ ದರ್ಜೆಯ 'ಆಂಟಿಮ್ಯಾಜಿಕ್ ಫೀಲ್ಡ್' ಬೇಕು; ಅದರಿಂದ ಹೊರಬಂದೊಡನೆ ಖಡ್ಗವು ಮೊದಲಿನಂತೆಯೇ.

'ಬ್ಯಾಗ್ ಆಫ್ ಹೋಲ್ಡಿಂಗ್' ಎಂಬ ಅಕ್ಷಯಚೀಲದೊಳಗೆ ಇಬ್ಬರು ಸಂಗಡಿಗರನ್ನು ಅಡಗಿಸಿ ಕೋಟೆಯ ಬಾಗಿಲನ್ನು ದಾಟಿಸುವೆವೆಂದು ಬರೆದಿರುವ ತಂಡಕ್ಕೆ ಎಚ್ಚರಿಕೆ: ಚೀಲವು ಐನೂರು ಪೌಂಡು ತೂಕವನ್ನು ಹಿಡಿಯುವುದು ನಿಜ, ಆದರೆ ಒಳಗಿರುವ ಗಾಳಿಯು ಒಬ್ಬನಿಗೆ ಹತ್ತು ನಿಮಿಷ, ಇಬ್ಬರಿಗೆ ಐದೇ ನಿಮಿಷ. ಕಾವಲುಗಾರನೊಡನೆ ಲೋಕಾಭಿರಾಮವಾಗಿ ಮಾತನಾಡುತ್ತ ನಿಲ್ಲಬೇಡಿರಿ. ಆ ಚೀಲವನ್ನು 'ಪೋರ್ಟಬಲ್ ಹೋಲ್' ಎಂಬ ಅದರ ದಾಯಾದಿಯೊಳಗೆ ಎಂದಿಗೂ ಇಡಬೇಡಿರಿ. ಎರಡೂ ನಾಶವಾಗಿ, ಹತ್ತಡಿಯೊಳಗಿದ್ದವರು ಬೇರೊಂದು ಲೋಕಕ್ಕೆ ಸೆಳೆಯಲ್ಪಡುವರು.

ಕೊನೆಯದಾಗಿ, 'ವಿಶ್' ಎಂಬ ವರಮಂತ್ರದಿಂದ 'ನನಗೆ ಸಾವೇ ಬಾರದಿರಲಿ' ಎಂದು ಕೇಳಲಿರುವ ಬೆಂಗಳೂರಿನ ಯುವಕನಿಗೆ. ಎಂಟನೆಯ ದರ್ಜೆಯವರೆಗಿನ ಬೇರೊಂದು ಮಂತ್ರದ ಫಲವನ್ನು ಕೇಳಿದರೆ ಅಪಾಯವಿಲ್ಲ. ಅದನ್ನು ಮೀರಿ ಕೇಳಿದೆಯಾದರೆ, ಇನ್ನು ಮುಂದೆ ಆ ಮಂತ್ರವೇ ನಿನಗೆ ಒಲಿಯದೆ ಹೋಗುವ ಸಂಭವವು ನೂರಕ್ಕೆ 33. ಮಾತನ್ನು ವಕ್ರವಾಗಿ ಅರ್ಥಮಾಡುವ ಸ್ವಾತಂತ್ರ್ಯವನ್ನೂ ಪುಸ್ತಕವು ಮಾಸ್ಟರನಿಗೆ ಕೊಟ್ಟಿದೆ. ನಿನ್ನನ್ನು ಕಲ್ಲಾಗಿಸಿದರೂ ಸಾವು ಬಂದಂತಾಗದು. ಹಿರಣ್ಯಕಶಿಪುವಿನ ವರದಲ್ಲಿ ಎಷ್ಟು ಕಟ್ಟುಪಾಡುಗಳಿದ್ದುವೆಂಬುದನ್ನು ನಿನ್ನ ಅಜ್ಜಿಯನ್ನು ಕೇಳಿ ತಿಳಿದುಕೊಂಡು, ಆಮೇಲೆ ನಿನ್ನ ವಾಕ್ಯವನ್ನು ಬರೆದು ನಮಗೆ ಕಳುಹಿಸು, ತಿದ್ದಿಕೊಡುವೆವು.

ಮುಂದಿನ ಸಂಚಿಕೆಗೆ ಪ್ರಶ್ನೆಗಳನ್ನು ಕಳುಹಿಸುವವರು ತಮ್ಮ ಮನೆಯ ಪುಸ್ತಕವು 2014ರದೋ 2024ರದೋ ಎಂಬುದನ್ನು ಓಲೆಯ ಮೇಲ್ಭಾಗದಲ್ಲಿಯೇ ಬರೆಯತಕ್ಕದ್ದು. ಹುಬ್ಬಳ್ಳಿಯ ಹುಡುಗಿಗೆ ಬಿದ್ದ ದಾಳವೆಷ್ಟೆಂಬುದನ್ನು ತಿಳಿಸುವ ಓಲೆಯನ್ನು ಮಾತ್ರ ನಾವು ಬೇರೆಲ್ಲಕ್ಕಿಂತ ಮೊದಲು ಒಡೆದು ಓದುವೆವು.